ಮನವಿ ಪತ್ರ: ಶಾಲಾ ಮಕ್ಕಳಿಗೆ ಜೀವದಯೆಯ ಪಾಠ ನಡೆಸುವ ಕುರಿತು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು, ಜಿಲ್ಲಾ ಪ್ರಾಣಿ ದಯಾ ಸಂಘ, ಗದಗ.

ಇವರಿಂದ,
ಪಾಲಕರು ಮತ್ತು ದನಕರು ಸಾಕಿದ ರೈತರು, ಬಾಳೆಹೊಸೂರ, ಲಕ್ಷ್ಮೇಶ್ವರ ತಾಲ್ಲೂಕು.

ಮಾನ್ಯರೆ,

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ ಮಣ್ಣಿನ ಎತ್ತಿಗೆ ಕೈಮುಗಿದ ಹುಡುಗರೇ ಸಂಜೆ ಬಯಲಲ್ಲಿ ಕಟ್ಟಿದ್ದ ಆರು ತಿಂಗಳ ಕರುವಿಗೆ ಗುರಿಯಿಟ್ಟು ಕಲ್ಲು ಒಗೆದರು. ಕರುವಿನ ಎಡಗಣ್ಣು ಹೋಯಿತು. ಫೋಟೊಗಳು (ಲಗತ್ತು 1), ಪಶು ವೈದ್ಯರ ಚಿಕಿತ್ಸಾ ಚೀಟಿ (2), ಔಷಧದ ಪಾವತಿಗಳು (3), ಕಣ್ಣಾರೆ ಕಂಡವರ ಹೇಳಿಕೆ (4), ಪಾಲಕರ ಸಭೆಯ ಠರಾವು (5) ಇದರೊಂದಿಗಿವೆ. ನಾಯಿಮರಿಯ ಬಾಲಕ್ಕೆ ಪಟಾಕಿ ಕಟ್ಟಿದಾಗಲೂ, ಗುಬ್ಬಿಗೂಡು ಕಿತ್ತಾಗಲೂ ಸಂಬಂಧಪಟ್ಟವರಿಗೆ ಬರೆದುಕೊಂಡಿದ್ದೆವು (6, 7). ಸ್ವೀಕೃತಿಯ ಮುದ್ರೆ ಒತ್ತುವ ಕೆಲಸ ಮಾತ್ರ ಎರಡೂ ಸಲ ಚುರುಕಾಗಿ ನಡೆದಿದೆ.

ಮಕ್ಕಳ ಮೇಲೆ ಕೇಸು ಬೇಡ. ಅವು ನಮ್ಮವೇ ಮಕ್ಕಳು. ಕರುವಿನ ಮಾಲೀಕರ ಮಗನೂ ಆ ಗುಂಪಿನಲ್ಲಿದ್ದ. ಮನೆಯಿಂದ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಗೋದಲಿಗೆ ಕಣಿಕೆ ಹಾಕುವುದು, ಮೈ ತಿಕ್ಕುವುದು, ಗಾಯಕ್ಕೆ ಅರಿಸಿಣ ಹಚ್ಚುವುದು ಯಾವುದೂ ಹುಡುಗರ ಕೈಗೆ ಬರಲಿಲ್ಲ. ನಾವು ಕಲಿಸಲಿಲ್ಲ, ನಿಜ. ಶಾಲೆಯೂ ಕಲಿಸಲಿಲ್ಲ. ಗೋವಿನ ಹಾಡು ಬಾಯಿಪಾಠವಿದೆ, ಗ್ಯಾದರಿಂಗಿನಲ್ಲಿ ಹಾಡುವ ಮಟ್ಟಿಗೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಶಿಕ್ಷೆಯ 11ನೇ ಕಲಂ ಎಲ್ಲರಿಗೂ ನೆನಪಿರುತ್ತದೆ, ಶಿಕ್ಷಣದ 9(ಕೆ) ಮರೆತುಹೋಗುತ್ತದೆ. ಅದರಂತೆ ನಡೆಯಬೇಕೆಂದು 2014ರ ಮೇ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿ ಕಲ್ಯಾಣ ಮಂಡಳಿಗೆ ಹೇಳಿದೆ. ಜೀವಿಗಳಿಗೆ ದಯೆ ತೋರುವುದು ನಾಗರಿಕರ ಕರ್ತವ್ಯವೆನ್ನುವ ಸಂವಿಧಾನದ 51ಎ(ಜಿ) ತಮಗೆ ತಿಳಿದದ್ದೇ.

ಆದ್ದರಿಂದ ತಿಂಗಳಿಗೊಂದು ಶನಿವಾರ ಪಶು ವೈದ್ಯರನ್ನು, ಕುರಿಗಾರರನ್ನು ಶಾಲೆಗೆ ಕರೆಸಿ, ಮಕ್ಕಳ ಕೈಯನ್ನು ಕರುವಿನ ಮೈಮೇಲೆ ಇರಿಸಿಯೇ ಪಾಠ ಮಾಡಿಸಬೇಕು. 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿ ಸೇರಿದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇದೇ ಜಿಲ್ಲೆಯ ನಮ್ಮ ಮಕ್ಕಳು ಅವನ್ನು ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲಿಗೊಮ್ಮೆ ಕರೆದೊಯ್ಯಬೇಕು. ನಮ್ಮಲ್ಲೇ ಇಬ್ಬರ ಟ್ರ್ಯಾಕ್ಸ್ ಗಾಡಿಗಳು ಊರಲ್ಲೇ ಇರುವುದರಿಂದ ಬಾಡಿಗೆಗೆ ಬೇರೆ ಕಡೆ ಹುಡುಕುವ ತೊಂದರೆಯಿಲ್ಲ.

ಶಾಲೆಯ ಗೋಡೆಗೆ ಪ್ರಾಣಿಗಳ ಚಿತ್ರ, ಗ್ರಂಥಾಲಯಕ್ಕೆ ಪುಸ್ತಕ, ಹಕ್ಕಿಗಳಿಗೆ ನೀರಿನ ಬಟ್ಟಲು ಇವೂ ಆಗಲಿ. ದನಗಳಿಗೆ ನೀರಿನ ತೊಟ್ಟಿಯೊಂದು ಮಂಜೂರಾಗಬೇಕು. ಕರುವಿನ ಮಾಲೀಕರ ಹಿತ್ತಲ ಬದಿಯಲ್ಲಿ ಜಾಗ ಸಿದ್ಧವಿದೆ. ಚಿಕಿತ್ಸೆಯ ವೆಚ್ಚವನ್ನೂ ಅವರಿಗೆ ಕೊಡಿಸಬೇಕು.

ನಾಗರ ಪಂಚಮಿಯೊಳಗೆ ಲಿಖಿತ ಉತ್ತರ ಬೇಕು. ಮುದ್ರೆ ನಮ್ಮಲ್ಲಿ ಈಗಾಗಲೇ ಎರಡು ಇವೆ.

ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟುಗಳು ಹಿಂಬದಿಯಲ್ಲಿ)
ಬಾಳೆಹೊಸೂರ