ಗುಟ್ಟು ಯಾರದು?

‘ಮನೆಯ ಗುಟ್ಟು ಮನೆಯಲ್ಲೇ ಇರಲಿ’ ಎನ್ನುವವರನ್ನು ಒಂದು ಮಾತು ಕೇಳಬೇಕು: ಯಾರ ಮನೆಯ ಗುಟ್ಟು?

ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ಆ ಪಟ್ಟಿಯಲ್ಲಿ ಗದಗ ಜಿಲ್ಲೆಯೂ ಇದೆ. ರೋಣ, ಅಬ್ಬಿಗೇರಿ ಸೀಮೆಯವರಿಗೆ ಇದು ದೂರದ ಸುದ್ದಿಯಲ್ಲ. ತಾಯಂದಿರನ್ನು ಎಣಿಸಿದ್ದಾಯಿತು. ತಂದೆಯರನ್ನು ಎಣಿಸಿದವರಾರು?

ಕಾಯ್ದೆ ಬರುವ ಮೊದಲು ಮುತ್ತು ಕಟ್ಟುತ್ತಿದ್ದುದು ಊರವರ ಕಣ್ಣೆದುರೇ. ಹಾಗಾಗಿ ತಾಯಿಯ ಬದುಕು ಎಂದೂ ಗುಟ್ಟಾಗಿರಲಿಲ್ಲ. ಗುಟ್ಟಾಗಿ ಉಳಿದದ್ದು ಅವಳ ಮನೆಗೆ ಬಂದು ಹೋದವನ ಹೆಸರು. ಅವನ ಮರ್ಯಾದೆ ಉಳಿಯಿತು. ಹೊಲ ಮದುವೆಯ ಮಕ್ಕಳಿಗೆ ಹೋಯಿತು. ಇವಳ ಮಗು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬಲ್ಲಿ ತಡವರಿಸಿತು. ತನ್ನದಲ್ಲದ ಆ ನಾಚಿಕೆಯನ್ನು ತನ್ನ ಮಕ್ಕಳಿಗೂ ದಾಟಿಸಿತು.

2025ರಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆ, ತಂದೆ ಯಾರೆಂದು ತಿಳಿದುಕೊಳ್ಳುವ ಹಕ್ಕನ್ನು ಈ ಮಕ್ಕಳಿಗೆ ಕೊಡುತ್ತದೆ. ಒಳ್ಳೆಯದೇ. ಆದರೆ ಕಚೇರಿ, ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ಮತ್ತೆ ಅವರೇ ಏಕೆ? ‘ಹಳೆಯದನ್ನು ಮರೆತು ಮುಂದೆ ಹೋಗಿ’ ಎಂದು ಅವರಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸೋಣ. ಬಾಯಿ ಬಿಡಬೇಕಾದವರು ಬೇರೆ ಇದ್ದಾರೆ. ಅಜ್ಜನ ಹೆಸರನ್ನು ಮೊದಲು ಹೇಳಬೇಕಾದವರು, ಇವತ್ತೂ ಅಜ್ಜನ ಹೊಲ ಉಳುತ್ತಿರುವ ಮೊಮ್ಮಕ್ಕಳು.