ಅಜ್ಜನ ಹತ್ಯಾರ ಪೆಟ್ಟಿಗೆ: ರೇಸ್ ಕೊಟ್ಟರೆ ನಡುಗುವ ಗಾಡಿ

ಮಕ್ಕಳೇ, ಹೋದ ಭಾನುವಾರ ಶಿಗ್ಗಾವಿಯಲ್ಲಿ ಮದುವೆ ಮುಗಿಸಿಕೊಂಡು ಧಾರವಾಡಕ್ಕೆ ಮರಳುತ್ತಿದ್ದೆವು. ಕಾರು ನಾನೇ ಓಡಿಸುತ್ತಿದ್ದೆ. ಪಕ್ಕದಲ್ಲಿ ಅಜ್ಜಿ, ಹಿಂದಿನ ಸೀಟಿನಲ್ಲಿ ಐದನೇ ಕ್ಲಾಸಿನ ಮೊಮ್ಮಗಳು. ಗಬ್ಬೂರ ಇನ್ನೇನು ಬಂತು ಅನ್ನುವಾಗ ಮುಂದಿದ್ದ ಲಾರಿಯನ್ನು ದಾಟಲು ಎಕ್ಸಲೇಟರ್ ಒತ್ತಿದೆ. ಕಾರು ಮುಂದಕ್ಕೆ ನುಗ್ಗಲಿಲ್ಲ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಕಾಲು ತೆಗೆದೆ, ನಡುಕ ನಿಂತಿತು. ಮತ್ತೆ ಒತ್ತಿದೆ, ಮತ್ತೆ ನಡುಗಿತು.

“ಅಜ್ಜಾ, ಹಳದಿ ದೀಪ ಮಿಣುಕ್ ಮಿಣುಕ್ ಅನ್ನಾಕತ್ತೈತಿ!”

“ಏನೂ ಆಗೂದಿಲ್ಲವ್ವಾ, ಇನ್ನೇನ್ ಮನಿ ಬಂತು” ಅಂದೆ.

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸು ಸುಮಾರು 30 ಕಿಲೋಮೀಟರ್. ಬಹಳ ವರ್ಷ ಅದು ಎರಡೇ ಲೇನಿನ ರಸ್ತೆಯಾಗಿದ್ದು, ಅಪಘಾತಗಳಿಂದಲೇ ಸುದ್ದಿಯಾಗುತ್ತಿತ್ತು. ಲಾರಿ ದಾಟುವ ಹೊತ್ತಿಗೆ ಎದುರಿಗೆ ಬಸ್ಸು ಬಂದು, ನಮ್ಮ ಗಾಡಿ ಎಳೆಯದೇ ಹೋದರೆ ಗತಿಯೇನು? ಅಜ್ಜಿ ಒಂದೇ ಮಾತು ಹೇಳಿದಳು: “ಇಲ್ಲೇ ನಿಲ್ಲಸ್ರಿ.” ಗಬ್ಬೂರ ಕ್ರಾಸಿನ ಹತ್ತಿರ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಮೆಕ್ಯಾನಿಕ್ ಪಾನಾ ಹಿಡಿಯಲಿಲ್ಲ, ಮೊದಲು ಪ್ರಶ್ನೆ ಕೇಳಿದ. “ಯಾವಾಗ ನಡಗತೈತ್ರಿ ಅಜ್ಜಾರ? ನಿಂತಾಗೋ, ಬ್ರೇಕ್ ಹಾಕಿದಾಗೋ, ಕ್ಲಚ್ ಬಿಡೂಮುಂದೋ?”

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಹೇಳಿದಳು: “ರೇಸ್ ಕೊಟ್ಟಾಗ ಅಷ್ಟ. ಕಾಲು ತೆಗದ್ರ ನಿಲ್ಲತೈತಿ. ಆವಾಗ ದೀಪಾನೂ ಮಿಣುಕತೈತಿ.”

“ಅರ್ಧಾ ಕೆಲಸ ನೀನ ಮುಗಿಸಿದಿ ನೋಡವ್ವಾ” ಅಂದ ಆತ.

ಯಾಕೆ ಗೊತ್ತೇ? ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಬೇಕು. ಕ್ಲಚ್ ಬಿಡುವಾಗ ನಡುಗಿದರೆ ಕ್ಲಚ್ ನೋಡಬೇಕು. ರೇಸ್ ಕೊಟ್ಟರೂ ಬಿಟ್ಟರೂ ಒಂದೇ ವೇಗದಲ್ಲಿ ನಡುಗಿದರೆ ಚಕ್ರದ ಬ್ಯಾಲೆನ್ಸ್ ತಪ್ಪಿರಬಹುದು. ರೇಸ್ ಕೊಟ್ಟಾಗ ಮಾತ್ರ ನಡುಗಿ, ದೀಪವೂ ಮಿನುಗಿದರೆ ಮೊದಲ ಅನುಮಾನ ಕಿಡಿಯ ಮೇಲೆ.

ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ನಮ್ಮದರಲ್ಲಿ ನಾಲ್ಕು. ಪ್ರತಿಯೊಂದರಲ್ಲೂ ಒಂದು ಸ್ಪಾರ್ಕ್ ಪ್ಲಗ್. ಪ್ಲಗ್ ಕಿಡಿ ಹಾರಿಸಿದಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಒಂದು ಲೆಕ್ಕ ಮಾಡಿ: ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಎರಡು ಸುತ್ತಿಗೆ ಒಂದು ಕಿಡಿ, ಅಂದರೆ ಒಂದು ಪ್ಲಗ್ಗಿಗೆ ಸೆಕೆಂಡಿಗೆ 25 ಕಿಡಿ! ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಜ್ಜೆ ತಪ್ಪಿದರೆ ಪಲ್ಲಕ್ಕಿ ಹೇಗೆ ಓಲಾಡುತ್ತದೋ, ಒಂದು ಪ್ಲಗ್ ಕೈಕೊಟ್ಟರೆ ಗಾಡಿ ಹಾಗೆ ನಡುಗುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಭಾಗವನ್ನು ಸುಡುತ್ತದೆ. ದೀಪ ಮಿನುಗಿ ಎಚ್ಚರಿಸುವುದು ಅದಕ್ಕೇ.

ಮೆಕ್ಯಾನಿಕ್ ಸ್ಕ್ಯಾನರ್ ಹಚ್ಚಿದ. ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ತೋರಿಸಿತು. ಈಗ ತಪ್ಪು ಪ್ಲಗ್ಗಿನದೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್‌ನದೋ? ಆತ ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿದ. ಕಾಯಿಲ್ ಕೆಟ್ಟಿದ್ದರೆ ದೋಷ ಎರಡನೆಯದಕ್ಕೆ ಹೋಗಬೇಕು. ಒಂದು ಸುತ್ತು ಓಡಿಸಿ ಬಂದು ನೋಡಿದರೆ ದೋಷ ಮೂರರಲ್ಲೇ ಇತ್ತು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ!

ಮೂರನೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. ಅದರ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಒಂದು ಬಿರುಕು.

“ಇದನ್ನ ಯಾರರೆ ಕೆಳಗ ಕೆಡವಿದ್ರೇನ್ರೀ?”

ನನ್ನ ಮುಖ ಸಣ್ಣದಾಯಿತು. ಹಿಂದಿನ ವಾರ ಪ್ಲಗ್ ಸ್ವಚ್ಛ ಮಾಡುವಾಗ ಒಂದು ನನ್ನ ಕೈಜಾರಿ ಫರಸಿಯ ಮೇಲೆ ಬಿದ್ದಿತ್ತು. ಒರೆಸಿ ಮತ್ತೆ ಹಾಕಿದ್ದೆ, ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. “ನಾನ ಕೆಡವಿದ್ದೆ” ಅಂದೆ.

“ಹಂಗಾದ್ರ ಊರಾಗ ಓಡಸೂಮುಂದ ಯಾಕ ನಡಗಲಿಲ್ಲ ಅಜ್ಜಾ?” ಅಂದಳು ಅವಳು.

ಒಳ್ಳೆಯ ಪ್ರಶ್ನೆ. ನೀರಿನ ಪೈಪಿನಲ್ಲಿ ಸಣ್ಣ ಸೀಳಿದೆ ಅನ್ನಿ. ಪೈಪಿನ ಬಾಯಿ ತೆರೆದಿದ್ದರೆ ನೀರು ಬಾಯಿಂದಲೇ ಹರಿಯುತ್ತದೆ. ಬಾಯಿಗೆ ಬೆರಳು ಒತ್ತಿದರೆ ಸೀಳಿನಿಂದ ಚಿಮ್ಮುತ್ತದೆ. ಪ್ಲಗ್ಗಿನ ಕತೆಯೂ ಅದೇ. ಜೋರಾಗಿ ರೇಸ್ ಕೊಟ್ಟಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚಿ, ತುದಿಯಲ್ಲಿ ಕಿಡಿ ಹಾರುವುದು ಕಷ್ಟವಾಗುತ್ತದೆ. ಆಗ ಕರೆಂಟು ಬಿರುಕಿನ ಸುಲಭದ ದಾರಿ ಹಿಡಿಯುತ್ತದೆ. ಊರೊಳಗೆ ನಾನು ಮೆಲ್ಲಗೆ ಓಡಿಸಿದ್ದರಿಂದ ದೋಷ ಅಡಗಿತ್ತು.

ಅಜ್ಜ-ಅಜ್ಜಿಯರಿಗೆ ‘ಮೈಕೋ’ ಪ್ಲಗ್ ನೆನಪಿರಬಹುದು. 1951ರಲ್ಲಿ ಶುರುವಾದ ಆ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್ ತಯಾರಿಸುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಕಂಪನಿ ಯಾವುದೇ ಇರಲಿ, ಕೆಳಗೆ ಬಿದ್ದ ಪ್ಲಗ್ಗನ್ನು ಮತ್ತೆ ಹಾಕಬಾರದು. ಮಕ್ಕಳೇ, ನೀವಂತೂ ಚಾಲೂ ಇರುವ ಎಂಜಿನ್ನಿಗೆ ಕೈ ಹಚ್ಚಲೇಬೇಡಿ. ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ಕರೆಂಟು ಸಾವಿರಾರು ವೋಲ್ಟಿನದು.

ಹೊಸ ಪ್ಲಗ್ ಹಾಕಿದ ಮೇಲೆ ಬೈಪಾಸಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡಿತು. ಬಿರುಕುಬಿಟ್ಟ ಪ್ಲಗ್ಗನ್ನು ಮೊಮ್ಮಗಳು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಮೊನ್ನೆ ಅವಳ ಕೈಯಿಂದ ಅಜ್ಜಿಯ ಉಪ್ಪಿನಕಾಯಿ ಭರಣಿ ಜಾರಿತು. ಒಡೆದಿರಲಿಲ್ಲ, ಆದರೂ ಓಡಿ ಹೋಗಿ ಅಜ್ಜಿಗೆ ಹೇಳಿದಳು: “ಬಿದ್ದೈತಿ ಅಜ್ಜಿ, ಬಿರುಕು ಐತೇನ್ ನೋಡು.”