ಥೈಲಿ ಒಂದು, ತಲೆ ಇಪ್ಪತ್ತನಾಲ್ಕು

ನಮ್ಮ ಕಂಪಲಾಪುರದ ಹರಾಜು ಮಾರುಕಟ್ಟೆಗೆ ತಂಬಾಕಿನ ಬೇಲು ತರುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಲ್ಲರ ಬಾಯಲ್ಲಿ ಓಡಾಡುವುದು ದಿನದ ಅತಿ ಹೆಚ್ಚಿನ ದರ. ಸಾಲ ತೀರುವುದು ಮಾತ್ರ ಸರಾಸರಿ ದರದಿಂದ. ಹಾಕಿ ಆಟಗಾರರ ಹರಾಜನ್ನೂ ಇದೇ ಕಣ್ಣಿನಿಂದ ನೋಡಬೇಕು.

2017ರ ನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್‌ಗೆ ಮತ್ತೆ ಜೀವ ಬಂದಾಗ, 2024ರ ಅಕ್ಟೋಬರ್‌ನಲ್ಲಿ ಹರಾಜು ನಡೆಯಿತು. ಪುರುಷರ ಒಂದೊಂದು ತಂಡಕ್ಕೂ 4 ಕೋಟಿ ರೂಪಾಯಿಯ ಥೈಲಿ. ಅದರಲ್ಲಿ 24 ಆಟಗಾರರನ್ನು ಕೊಳ್ಳಬೇಕು. ಭಾರತ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗರಿಗೆ ಸೂರ್ಮಾ ಕ್ಲಬ್ಬು 78 ಲಕ್ಷ ಕೊಟ್ಟಿತು. ಹರಾಜಿನಲ್ಲಿ ಅದೇ ಅತಿ ಹೆಚ್ಚಿನ ಬೆಲೆ. ಪತ್ರಿಕೆಗಳು ಆ ಅಂಕಿಯನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಿದವು. ಉಳಿದವರ ಲೆಕ್ಕವನ್ನು ನಾವು ಹಾಕೋಣ.

4 ಕೋಟಿಯಲ್ಲಿ 78 ಲಕ್ಷ ಕಳೆದರೆ ಉಳಿಯುವುದು 3 ಕೋಟಿ 22 ಲಕ್ಷ. ಅದನ್ನು 23 ಜನಕ್ಕೆ ಹಂಚಿದರೆ ತಲೆಗೆ 14 ಲಕ್ಷ. ಇದೇನೋ ಸರಿಯೇ. ಆದರೆ ಒಂದು ತಂಡವು ತಲಾ 70 ಲಕ್ಷದಂತೆ ಮೂವರನ್ನು ಕೊಂಡಿತೆನ್ನಿ. ಮಿಕ್ಕ 21 ಜನಕ್ಕೆ ಉಳಿಯುವುದು ತಲೆಗೆ ಸುಮಾರು 9 ಲಕ್ಷ. ಹರಾಜಿನ ಮೂಲಬೆಲೆಯ ಕೊನೆಯ ಮೆಟ್ಟಿಲು 2 ಲಕ್ಷ. ಥೈಲಿ ಬರಿದಾದ ಮೇಲೆ ಎಷ್ಟೋ ಜನ ಆ ಮೆಟ್ಟಿಲಿಗೆ ಜಾರಬೇಕಾಗುತ್ತದೆ. ಹೊಡೆತ ಬೀಳುವುದು ಕಿರಿಯರಿಗೆ ಮಾತ್ರವಲ್ಲ, ನಡುವಿನ ದರ್ಜೆಯ ಅನುಭವಿಗಳಿಗೂ.

ಅಂಗಡಿ ನಡೆಸುವವನಿಗೆ ಈ ಮರ್ಮ ಹೊಸದಲ್ಲ. ಬಂಡವಾಳದ ಅರ್ಧವನ್ನು ನಾಲ್ಕು ರೇಷ್ಮೆ ಸೀರೆಗೆ ಹಾಕಿ, ಪಂಚೆ ಟವಲು ತರಲು ಕೈಯಲ್ಲಿ ಕಾಸಿಲ್ಲದೆ ಕುಳಿತರೆ ವ್ಯಾಪಾರ ಸಾಗುವುದೆಂತು? ಹಾಕಿಯಲ್ಲಿಯೂ ಹಾಗೆಯೇ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ತಳ್ಳುವವನೊಬ್ಬ, ತಡೆದು ನಿಲ್ಲಿಸುವವನೊಬ್ಬ, ಗೋಲಿಗೆ ಎಸೆಯುವವನೊಬ್ಬ. ಮೊದಲಿಬ್ಬರು ಕೈಕೊಟ್ಟರೆ 78 ಲಕ್ಷದ ತೋಳಿಗೂ ಕೆಲಸವಿಲ್ಲ.

ಫಲಿತಾಂಶವನ್ನೂ ನೋಡಿ. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬಂಗಾಳ ಟೈಗರ್ಸ್ ತಂಡ ಹೈದರಾಬಾದನ್ನು 4-3ರಿಂದ ಸೋಲಿಸಿತು. ಮೂರು ಗೋಲು ಹೊಡೆದವರು 48 ಲಕ್ಷದ ಜುಗರಾಜ್ ಸಿಂಗ್. ಸೂರ್ಮಾ ಮೂರನೆಯ ಸ್ಥಾನ ಪಡೆಯಿತು. ಹಾಗೆಂದು ದೊಡ್ಡ ಬೆಲೆಯೇ ತಪ್ಪೆನ್ನುವಂತಿಲ್ಲ. ಗೆದ್ದ ಬಂಗಾಳವೂ ಅಭಿಷೇಕ್‌ಗೆ 72 ಲಕ್ಷ ಕೊಟ್ಟಿತ್ತು. ದೊಡ್ಡ ಬೆಲೆ ಕೊಟ್ಟ ಮೇಲೆ ಮಿಕ್ಕ ಹಣವನ್ನು ಹೇಗೆ ಬಳಸಿದರೆಂಬುದೇ ಮುಖ್ಯ.

ಇಲ್ಲಿ ದುಡಿಯುವ ಜನ ಎಚ್ಚರದಿಂದಿರಬೇಕು. ಗಿರಣಿಯಲ್ಲಿ ನುರಿತ ಕೆಲಸಗಾರನ ಕೂಲಿ ಏರಿದಾಗ, "ನಿಮ್ಮ ಪಾಲನ್ನು ಅವನು ತಿಂದ" ಎಂದು ಮಿಕ್ಕವರ ಕಿವಿಯಲ್ಲಿ ಊದುವವರಿರುತ್ತಾರೆ. ಹರ್ಮನ್‌ಪ್ರೀತರು ಯಾರ ಪಾಲನ್ನೂ ತಿಂದಿಲ್ಲ. ಅವರ ಬೆವರಿಗೆ ಬೆಲೆ ಬಂದಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಥೈಲಿಯ ಬಾಯನ್ನು 4 ಕೋಟಿಗೆ ಬಿಗಿದವರಾರು? ಮಹಿಳೆಯರ ತಂಡಕ್ಕೆ ಅದು 2 ಕೋಟಿಯೇ ಏಕೆ?

ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಈ ಪ್ರಶ್ನೆಗಾಗಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಜಗಳವಾಗಿ 2004-05ರ ಇಡೀ ಋತುವೇ ರದ್ದಾಯಿತು. ಕೊನೆಗೆ ಸಂಬಳದ ಮೇಲ್ಮಿತಿ ಬಂತು, ನಿಜ. ಅದರ ಜೊತೆಗೆ ತಂಡವು ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡಕೂಡದೆಂಬ ಕೆಳಮಿತಿಯೂ ಬಂತು. ಒಬ್ಬನಿಗೆ ಮಿತಿಯ ನೂರಕ್ಕೆ 20ಕ್ಕಿಂತ ಹೆಚ್ಚು ಕೊಡುವಂತಿಲ್ಲವೆಂದಾಯಿತು. 2013ರ ಒಪ್ಪಂದ ಆಟದ ಆದಾಯದಲ್ಲಿ ಆಟಗಾರರಿಗೆ ಅರ್ಧ ಪಾಲು ಕೊಟ್ಟಿತು. ಅಲ್ಲಿಯೂ ಲೆಕ್ಕ ತಪ್ಪಿದವರುಂಟು: ಟೊರಾಂಟೊ ತಂಡ 2023-24ರಲ್ಲಿ ಮಿತಿಯ ಸುಮಾರು ಅರ್ಧವನ್ನು ನಾಲ್ವರಿಗೇ ಸುರಿದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲಿಯೇ ಮನೆಗೆ ಹೋಯಿತು. ಆದರೆ ತಂಡ ಸೋತರೂ ಆಟಗಾರರ ಒಟ್ಟು ಪಾಲು ಕರಗಲಿಲ್ಲ. ಸಂಘಟನೆಯ ಬಲವೆಂದರೆ ಇದು.

ಕುಶಾಲನಗರದ ಹೊಳೆ ದಾಟಿದರೆ ಹಾಕಿಯ ನಾಡು. 2024ರಲ್ಲಿ ನಾಪೋಕ್ಲುವಿನ ಕೌಟುಂಬಿಕ ಹಾಕಿ ಉತ್ಸವದಲ್ಲಿ 360 ಕೊಡವ ಮನೆತನಗಳು ಆಡಿದವು. ಅಲ್ಲಿ ಕೋಲು ಹಿಡಿದ ಹುಡುಗರಲ್ಲಿ 78 ಲಕ್ಷದವನಾಗುವವನು ಎಲ್ಲೋ ಒಬ್ಬ. ಆಟವನ್ನೇ ಕಸುಬು ಮಾಡಿಕೊಳ್ಳುವ ಮಿಕ್ಕವರ ಬಾಳು ನಿಂತಿರುವುದು ಹರಾಜಿನ ತುದಿಯ ಮೇಲಲ್ಲ, ಬುಡದ ಮೇಲೆ.

ಆದುದರಿಂದ ಕನಿಷ್ಠ ಬೆಲೆ ಏರಲಿ. ಥೈಲಿಯ ಗಾತ್ರ ಲೀಗಿನ ಆದಾಯಕ್ಕೆ ಹೊಂದಿಕೊಂಡಿರಲಿ. ಅದನ್ನು ನಿಗದಿ ಮಾಡುವ ಮೇಜಿನ ಸುತ್ತ ಆಟಗಾರರ ಪ್ರತಿನಿಧಿಗೂ ಒಂದು ಕುರ್ಚಿ ಇರಲಿ. ನಾಯಕನಿಗೆ ಸಲ್ಲಬೇಕಾದುದು ಸಲ್ಲಲಿ. ಆದರೆ ಇಪ್ಪತ್ತನಾಲ್ಕನೆಯವನ ಮನೆಯಲ್ಲಿಯೂ ಒಲೆ ಉರಿಯಬೇಕು.